ಜಾಗದ ಯಜಮಾನನಿಗೆ ಮೊದಲ ಬ್ರೆಡ್ಡು

ಅವತ್ತು ಬೆಳಿಗ್ಗೆ ಬೇಕರಿಯೊಳಗೆ ಇದ್ದವರು ನಾವು ಐದೇ ಮಂದಿ. ಹಿಟ್ಟಿನ ಹಲಗೆಯ ಮುಂದೆ ಲಾನಕ್ಕ, ಒಲೆಯ ಮುಂದೆ ಅವಳ ಗಂಡ ತುವಾನ್, ಏಣಿಯ ಮೇಲೆ ಹೊಗೆ ಎಳೆಯುವ ಫ್ಯಾನು ಬಿಚ್ಚುತ್ತಿದ್ದ ನಾನು, ಕೆಳಗೆ ಏಣಿ ಹಿಡಿದುಕೊಂಡೇ ಚಹಾ ಹೀರುತ್ತಿದ್ದ ನನ್ನ ಗೆಳೆಯ ಮುಧೋಳದ ಭೀಮಣ್ಣ, ಮತ್ತು ಬ್ರೆಡ್ಡಿಗೆಂದು ಬಂದಿದ್ದ ಪಕ್ಕದ ಕಟ್ಟಡದ ಕಾವಲುಗಾರ ಅಬು ಸಾಲಿಹ್. ಚಹಾ ಮುಗಿಯುವುದರೊಳಗೆ ಹಲಗೆಯ ಮೇಲಿನ ಮೈದಾ ಕೆಂಪಾಗಿತ್ತು.

ಲಾನಕ್ಕ ವಿಯೆಟ್ನಾಮಿನವಳು. ಕುಳ್ಳ ಮೈ, ಮೊಣಕೈತನಕ ಸುಟ್ಟ ಗೆರೆಗಳು, ಬಾಯಲ್ಲಿ ಅರಬ್ಬಿ-ಹಿಂದಿ ಕಲಸಿದ ಬೈಗುಳ. ಅವಳು ಹಿಟ್ಟನ್ನು ಹಲಗೆಗೆ ಅಪ್ಪಳಿಸಿದರೆ ಗಲ್ಫಿನ ಹವಲ್ಲಿಯ ಆ ಓಣಿಯಲ್ಲಿ ಹೋಗುವವರು ಯಾರಿಗೋ ಕಪಾಳಕ್ಕೆ ಬಿತ್ತೆಂದು ತಿರುಗಿ ನೋಡುತ್ತಿದ್ದರು. “ನಮ್ಮವ್ವ ರೊಟ್ಟಿ ಬಡದಂಗ ಆಕ್ಕೈತೋ,” ಎಂದು ಭೀಮಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದ. ಹಿಟ್ಟಿನ ಬೆನ್ನನ್ನು ದಾಡಿ ಬ್ಲೇಡಿನಿಂದ ಒಂದೇ ಎಳೆತಕ್ಕೆ ಸೀಳುತ್ತಿದ್ದಳು. ಒಲೆಯೊಳಗೆ ಆ ಗಾಯ ಬಾಯಿ ಬಿಡುತ್ತಿತ್ತು. ಕಚ್ಚಿದರೆ ಮೇಲೆ ಹಪ್ಪಳ, ಒಳಗೆ ಹತ್ತಿ. ಅವಳ ಊರಲ್ಲಿ ಅದರೊಳಗೆ ಹಂದಿಮಾಂಸ ತುಂಬುತ್ತಾರಂತೆ. ಇಲ್ಲಿ ಅದು ನಡೆಯುವುದಿಲ್ಲ, ಹಾಗಾಗಿ ಕೋಳಿ, ಮೀನು, ಹುಳಿಯಲ್ಲಿ ನೆನೆಸಿದ ಗಜ್ಜರಿ. ಮಂಗಳೂರಿನವರು ಬರೀ ಬ್ರೆಡ್ಡು ಒಯ್ದು ಕೋಳಿಸಾರಿಗೆ ಅದ್ದುತ್ತಿದ್ದರು. ನಾವು ಶೇಂಗಾ ಚಟ್ನಿ ತುಂಬುತ್ತಿದ್ದೆವು. ಅಂಗಡಿಯ ಲೈಸೆನ್ಸು ಯಾರ ಹೆಸರಲ್ಲಿತ್ತೋ ಆ ಕಫೀಲನ ಮುದಿ ತಾಯಿಗೆ ಹಲ್ಲಿಲ್ಲವೆಂದು ಒಂದು ಮೆತ್ತನೆಯದು ಬೇರೆಯಾಗಿ ಹೋಗುತ್ತಿತ್ತು.

ಬ್ರೆಡ್ಡು ಒತ್ತಿ ನೋಡುವವರನ್ನು ಕಂಡರೆ ಅವಳಿಗೆ ಮೈ ಉರಿ. ಒಮ್ಮೆ ಉಡುಪಿ ಕಡೆಯ ಟೈ ಕಟ್ಟಿದವರೊಬ್ಬರು ಒತ್ತಿದ್ದೇ ತಡ, ಚಿಮಟದಿಂದ ಬೆರಳ ಗೆಣ್ಣಿಗೆ ಬಾರಿಸಿದಳು. “ಭಾಯಿ, ನಿನ್ನ ಕೆನ್ನೆ ಒತ್ತಿ ನೋಡಲಾ? ಇವತ್ತಿನದೋ, ಹಳೇದೋ?”

“ಎಂಥ ಹೆಂಗಸು ಮಾರಾಯ್ರೆ ಇದು!” ಎಂದು ಅವರು ಬೆರಳು ಊದಿಕೊಂಡರು. ಮರುದಿನ ಮತ್ತೆ ಬಂದರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

ದಿನದ ಮೊದಲ ಬ್ರೆಡ್ಡು ಮಾತ್ರ ಗಿರಾಕಿಗಳಿಗಲ್ಲ. ಅದನ್ನು ಕೌಂಟರಿನ ಹಿಂದೆ ನೆಲದ ಮೇಲೆ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಒಂದು ಲೋಟ ಕರಿ ಕಾಫಿ ಇಡುತ್ತಿದ್ದಳು. ವಿಗ್ರಹ, ಪಟ ಏನೂ ಇಲ್ಲ. “ಈ ಜಾಗದ ಯಜಮಾನ. ಮೊದಲು ಅವನು ತಿನ್ನಬೇಕು,” ಎನ್ನುತ್ತಿದ್ದಳು. ಎಳ್ಳಮಾಸಿಗೆ ಹೊಲಕ್ಕೆ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸುವ ನಮಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಅವತ್ತು ಏಣಿಗೆ ಜಾಗ ಬೇಕೆಂದು ಲಾನಕ್ಕನೇ ಕೌಂಟರು ಸರಿಸಿದ್ದಳು. ತಟ್ಟೆ ಅಬು ಸಾಲಿಹ್‌ನ ಕಣ್ಣಿಗೆ ಬಿತ್ತು. ಅವನ ಕಡೆಯವರು ಬೀದಿಯಲ್ಲಿ ಚೂರು ಬ್ರೆಡ್ಡು ಕಂಡರೂ ಎತ್ತಿ, ಮುತ್ತಿಟ್ಟು, ಯಾರೂ ತುಳಿಯದ ಹಾಗೆ ಎತ್ತರದಲ್ಲಿಡುವವರು. ಅವನು ಒಳಗೆ ನುಗ್ಗಿ ಬ್ರೆಡ್ಡೆತ್ತಿ ಮುತ್ತಿಟ್ಟು ಕಪಾಟಿನ ಮೇಲಿಟ್ಟ. “ಹರಾಮ್! ನಾಯಿಗೆ ಇಟ್ಟ ಹಾಗೆ ಇಟ್ಟಿದ್ದೀರಲ್ಲ!”

ಲಾನಕ್ಕ ಅದನ್ನು ತೆಗೆದು ಮತ್ತೆ ನೆಲಕ್ಕಿಟ್ಟಳು. ಅವನು ಮತ್ತೆ ಎತ್ತಿದ. ತುವಾನ್ ನಡುವೆ ಕೈ ಹಾಕಿದ. ಅಬು ಸಾಲಿಹ್ ಅವನ ಎದೆಗೆ ಗುದ್ದಿದ ರಭಸಕ್ಕೆ ತುವಾನ್ ಹಿಂದಕ್ಕೆ ಬಿದ್ದು, ತೆರೆದಿದ್ದ ಒಲೆಯ ಬಾಗಿಲಿಗೆ ಬಲತೋಳು ಅಂಟಿಕೊಂಡಿತು. ಚರ್ಮ ಚುರ್ರೆಂದ ಸದ್ದು ಏಣಿಯ ಮೇಲಿದ್ದ ನನಗೂ ಕೇಳಿಸಿತು. ಲಾನಕ್ಕ ಒಲೆಗೆ ಬ್ರೆಡ್ಡು ತಳ್ಳುವ ಉದ್ದ ಹಿಡಿಯ ಹಲಗೆಯನ್ನು ಎರಡೂ ಕೈಯಲ್ಲೆತ್ತಿ ಬೀಸಿದಳು. ಅಬು ಸಾಲಿಹ್‌ನ ಹುಬ್ಬು ಸೀಳಿತು. ಮುಖವೆಲ್ಲ ರಕ್ತ ಇಳಿಯುತ್ತಿದ್ದರೂ ಆ ಮನುಷ್ಯ ಬ್ರೆಡ್ಡನ್ನು ಮಾತ್ರ ರಕ್ತ ತಾಗದಂತೆ ತಲೆಯ ಮೇಲೆ ಎತ್ತಿ ಹಿಡಿದಿದ್ದ, ಇನ್ನೊಂದು ಕೈಯಿಂದ ಅವಳ ಕೊರಳಿಗೆ ಹಾರಿದ. ಭೀಮಣ್ಣ ಏಣಿ ಬಿಟ್ಟು ಅವನನ್ನು ಹಿಂದಿನಿಂದ ತಬ್ಬಿದ. “ಬಿಡಪಾ, ಹೆಣ್ಮಗಳಾಕಿ, ಬಿಡೋ!” ಲಾನಕ್ಕನ ಎರಡನೇ ಏಟು ಭೀಮಣ್ಣನ ಹೆಗಲಿಗೇ ಬಿತ್ತು. ಏಣಿ ಜಾರಿ, ನಾನು ಫ್ಯಾನಿನ ಕಂಬಿ ಹಿಡಿದು ಜೋತಾಡುತ್ತ “ಖಲಾಸ್, ಖಲಾಸ್” ಎಂದು ಕಿರುಚುತ್ತಿದ್ದೆ.

ಠಾಣೆಯ ಅಧಿಕಾರಿ ತಾಳ್ಮೆಯವನು. ಇಬ್ಬರೂ ರಾಜಿಯಾದರೆ ಇಲ್ಲಿಗೇ ಮುಗಿಯುತ್ತದೆ, ಇಲ್ಲವಾದರೆ ಇವಳ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ರದ್ದಾಗಿ ದೇಶ ಬಿಡಬೇಕಾಗುತ್ತದೆ ಎಂದ. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದ ಅಬು ಸಾಲಿಹ್ ಹೇಳಿದ: “ನನಗೆ ಹೊಡೆದದ್ದನ್ನು ಮಾಫ್ ಮಾಡಿದ್ದೇನೆ. ಬ್ರೆಡ್ಡು ನೆಲಕ್ಕಿಡುವುದಿಲ್ಲ ಅಂತ ಒಂದು ಮಾತು ಹೇಳಲಿ, ಸಾಕು.”

ತೋಳಿಗೆ ಪಟ್ಟಿ ಸುತ್ತಿಕೊಂಡಿದ್ದ ತುವಾನ್ ತಮ್ಮ ಭಾಷೆಯಲ್ಲಿ ಅವಳ ಕಿವಿಯಲ್ಲಿ ಏನೋ ಅಂದ. ಅವಳು ತಲೆಯಾಡಿಸಿದಳು, ಇಲ್ಲವೆಂದು.

“ಅಕ್ಕಾ, ಹೂಂ ಅನ್ನವಾ,” ಭೀಮಣ್ಣ ಕೈ ಮುಗಿದ. “ಖರ್ಜೂರ ಇಡು, ಬಾಳೆಹಣ್ಣು ಇಡು. ಆ ಜಾಗದ ಯಜಮಾನ ಏನ್ ಬ್ಯಾಡ ಅಂತಾನೇನು?”

ಅದನ್ನು ನಾನು ಅವಳಿಗೆ ಹಿಂದಿಯಲ್ಲಿ ಹೇಳಿದೆ. ಅವಳು ಅಂದಳು: “ನಾನು ಮಾಡುವುದು ಬ್ರೆಡ್ಡು. ಬೇರೆಯವರು ಬೆಳೆದ ಹಣ್ಣು ಅವನಿಗೆ ಯಾಕೆ ಕೊಡಲಿ? ಅವನು ಕೂರುವುದು ನೆಲದಲ್ಲಿ. ಮೇಲೆ ಇಟ್ಟರೆ ಕೈಗೆ ಎಟಕುತ್ತದಾ?” ಆಮೇಲೆ ಅಬು ಸಾಲಿಹ್‌ನ ಕಡೆ ತಿರುಗಿ, “ತಲೆ ಒಡೆದದ್ದಕ್ಕೆ ಮಾಫಿ ಕೇಳುತ್ತೇನೆ. ಇದಕ್ಕೆ ಮಾತ್ರ ಇಲ್ಲ,” ಎಂದಳು.

ಅವನು ಹುಬ್ಬಿನ ಹೊಲಿಗೆ ಮುಟ್ಟಿ ನೋಡಿಕೊಂಡ. “ನನಗೂ ಇದೊಂದು ಆಗುವುದಿಲ್ಲ,” ಎಂದ.

ಊರಿಗೆ ಕಳಿಸುವ ಮುಂಚೆ ಅವಳನ್ನಿಟ್ಟಿದ್ದಲ್ಲಿ ನನ್ನನ್ನು ಒಮ್ಮೆ ಭೇಟಿಗೆ ಬಿಟ್ಟರು. ಕಂಬಿಯ ಆಚೆ ನಿಂತು ಅವಳು ಮೊದಲು ಕೇಳಿದ್ದು ಭೀಮಣ್ಣನ ಹೆಗಲಿನ ಬಗ್ಗೆ. “ಕೈ ಇನ್ನೂ ಮೇಲೆ ಏಳುತ್ತಿಲ್ಲ,” ಎಂದೆ. “ಪಾಪ, ಒಳ್ಳೆಯವನು. ಆದರೆ ನಡುವೆ ಯಾಕೆ ಬಂದ?” ಎಂದು ಸಿಟ್ಟು ಮಾಡಿದಳು. ಅದೇ ಅವಳನ್ನು ಕೊನೆಯದಾಗಿ ನೋಡಿದ್ದು.

ಸುಟ್ಟ ತೋಳಿನಿಂದ ತುವಾನನಿಗೆ ಹಿಟ್ಟು ನಾದಲಾಗಲಿಲ್ಲ. ಅವನೂ ಊರಿಗೆ ಹೊರಟ. ಜಾಗ ಖಾಲಿ ಮಾಡಿಕೊಡಬೇಕಿತ್ತು, ಆದರೆ ಅಲ್ಲೇ ಇಟ್ಟಿಗೆಯಿಂದ ಕಟ್ಟಿದ್ದ ಒಲೆ ಬಾಗಿಲಿಗಿಂತ ಅಗಲವಿತ್ತು. ಒಡೆಯದೆ ಬೇರೆ ದಾರಿಯಿರಲಿಲ್ಲ. ತುವಾನ್ ಎಡಗೈಯಲ್ಲಿ ಸುತ್ತಿಗೆ ಎತ್ತಿ ಒಂದು ಏಟು ಹಾಕಿದ, ಇನ್ನೊಂದು ಹಾಕಲಾರದೆ ನಿಂತುಬಿಟ್ಟ. ಹೊರಗೆ ನಿಂತಿದ್ದ ಅಬು ಸಾಲಿಹ್ ಒಳಗೆ ಬಂದು ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡ. ಮಧ್ಯಾಹ್ನದವರೆಗೂ ಅವನೊಬ್ಬನೇ ಒಡೆದ.