ಪಕ್ಕದ ಮನೆಯವರು ಓಗೊಟ್ಟರೆ

ಕಂಪ್ಯೂಟರ್ ಕೈಕೊಟ್ಟಾಗ ನಾನು ಮೊದಲು ಮಾಡುವ ಕೆಲಸ ಬಯ್ಯುವುದು, ಆಮೇಲೆ ದೇವರಿಗೆ ತೆಂಗಿನಕಾಯಿ ಹೇಳಿಕೊಳ್ಳುವುದು. ಬುದ್ಧಿ ಉಪಯೋಗಿಸುವುದು ಎಲ್ಲ ಮುಗಿದ ಮೇಲೆ.

ತೀರ್ಥಹಳ್ಳಿಯ ಒಂದು ಸಣ್ಣ ಲ್ಯಾಬಿಗೆ ರಿಪೋರ್ಟ್ ಕೊಡುವ ಸಾಫ್ಟ್‌ವೇರ್ ಬರೆದವನು ನಾನು. ಸಾಗರದ ನನ್ನ ಮನೆಯಲ್ಲಿ ಕೂತೇ ಅದರ ಯೋಗಕ್ಷೇಮ ನೋಡಿಕೊಳ್ಳುತ್ತೇನೆ. ಅದೆಲ್ಲ ಕಂಟೇನರುಗಳಲ್ಲಿದೆ. ಹಾಗೆಂದರೆ ಒಂದೇ ಕಂಪ್ಯೂಟರಿನೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಮನೆ ಮಾಡಿಕೊಟ್ಟ ಹಾಗೆ: ರಕ್ತಪರೀಕ್ಷೆಯ ಅಂಕಿ ಕಾದಿಡುವವನದು ಒಂದು, ರಿಪೋರ್ಟ್ ಮುದ್ರಿಸುವವನದು ಇನ್ನೊಂದು. ಮೊನ್ನೆ ಬೆಳಿಗ್ಗೆ ಕರೆಂಟು ಹೋಗಿ ಬಂದದ್ದೇ ನೆಪ, ಮುದ್ರಿಸುವವನಿಗೆ ಅಂಕಿ ಸಿಗಲೊಲ್ಲದು. ಲ್ಯಾಬಿನ ಸುಧಾ ಫೋನ್ ಮಾಡಿದಳು. "ಸರ್, ನಿಮ್ಮ ದೊಡ್ಡಮ್ಮಂದೇ ರಿಪೋರ್ಟ್ ಸಿಕ್ಕಾಕ್ಕೊಂಡದೆ. ಡಾಕ್ಟ್ರು ಅದನ್ನ ನೋಡ್ದೆ ಆಪರೇಷನ್ನಿಗೆ ಕರ್ಕೊಳಲ್ಲ ಅಂತಿದಾರೆ."

ಕಂಡಕಂಡವರ ಮುಂದೆ ನನ್ನನ್ನು ಕಂಪ್ಯೂಟರ್ ಪಂಡಿತ ಎಂದು ಹೊಗಳುವ ಏಕೈಕ ಜೀವ ನನ್ನ ದೊಡ್ಡಮ್ಮ. ನೋಯುವ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಯಲ್ಲಿ ಕಾಯುತ್ತಿದೆ, ಪಂಡಿತನ ದಯೆಯಿಂದ.

ಈ ಮನೆಗಳಿಗೂ ಒಂದೊಂದು ನಂಬರಿದೆ; ಅಂಕಿಯವನ ನಂಬರಿಗೆ ಪಿಂಗ್ ಮಾಡಿದೆ. ಪಿಂಗ್ ಅಂದರೆ ಬಾಗಿಲಲ್ಲಿ ನಿಂತು 'ಇದೀರಾ?' ಎಂದು ಕೂಗುವುದು. 'ಇದೀನಿ' ಎಂದು ಉತ್ತರ ಬಂತು! ಅಂಕಿ ಕೇಳಿದರೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತಾನೆ. ಇದ್ದೂ ಇಲ್ಲ ಅನ್ನುವವನ ಹತ್ತಿರ ಹೇಗಪ್ಪಾ ಏಗುವುದು? ಪಾಸ್‌ವರ್ಡ್ ನೋಡಿದೆ, ಕಾವಲಿಗಿಟ್ಟ ಫೈರ್‌ವಾಲ್ ನೋಡಿದೆ. ಹೇಳಿಕೊಂಡ ತೆಂಗಿನಕಾಯಿ ಒಂದಿದ್ದದ್ದು ಐದಾಯಿತು.

ಆಗಲೇ ಹೊರಗೆ ಕೊರಿಯರಿನವನ ಕೂಗಾಟ. ನಮ್ಮ ಕೇರಿಯ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ: ಯಾರ ಮನೆ ಮುಂದೆ ಕೂಗಿದರೂ ಪಕ್ಕದ ಮನೆಯವರು ಓಗೊಡುತ್ತಾರೆ.

"ಹದಿನಾಲ್ಕನೇ ನಂಬರ್ ಮನೆ ಇದೇನಾ?"

"ಹೌದು, ಎಂತ ಬೇಕಿತ್ತು?" ಎಂದರು ಪಕ್ಕದ ಮನೆಯ ಶಾರದಕ್ಕ. ಪಾರ್ಸೆಲ್ ನೋಡಿದರೆ ಬೇರೆ ಯಾರದೋ. ಇಬ್ಬರೂ ವಾದಕ್ಕೆ ನಿಂತರು. ರಗಳೆ ತಡೆಯಲಾರದೆ ನಾನು ಕಿಟಕಿಯಿಂದ ಕಿರುಚಿದೆ: "ನಂಬರೆಲ್ಲ ಹೊಸದಾಗಿ ಹಾಕಿದಾರೆ ಮಾರಾಯ್ರೆ, ಅದನ್ನ ನಂಬ್ಕೊಂಡ್ರೆ ಆಗಲ್ಲ. ಯಾರ ಮನೆ ಅಂತ ಹೆಸರು ಹೇಳಿ!"

ಹೇಳಿದ್ದು ಹೇಳಿದವನ ಕಿವಿಗೇ ಬಿತ್ತು. ಕರೆಂಟು ಹೋಗಿ ಬಂದರೆ ಕಂಟೇನರುಗಳಿಗೂ ಹೊಸ ನಂಬರು. ಹಳೇ ನಂಬರಿನಲ್ಲಿ ಅಷ್ಟು ಹೊತ್ತು ನನಗೆ ಓಗೊಟ್ಟವನು ಅಂಕಿಯವನಲ್ಲ, ಪಕ್ಕದ ಮನೆಯವನು! ಹುಟ್ಟಿದಾಗಿನಿಂದ ಮನೆಗಳನ್ನೂ ಬಸ್ಸುಗಳನ್ನೂ ಹೆಸರಿನಿಂದಲೇ ಗುರುತಿಸಿದ ನಾನು, ಪ್ರೋಗ್ರಾಮಿನಲ್ಲಿ ಮಾತ್ರ ದೊಡ್ಡ ಜಾಣನ ಹಾಗೆ ನಂಬರು ಬರೆದಿಟ್ಟಿದ್ದೆ. ಅದನ್ನು ಅಳಿಸಿ ಹೆಸರು ಬರೆದೆ. ರಿಪೋರ್ಟ್ ಹೊರಬಂತು.

ಸ್ವಲ್ಪ ಹೊತ್ತಿಗೆ ದೊಡ್ಡಮ್ಮನ ಫೋನು. ಜಂಬ ಕೊಚ್ಚಲು ಬಾಯಿ ತೆರೆದೆ, ಆದರೆ ಅವಳ ದನಿ ಸಣ್ಣಗಾಗಿತ್ತು. "ಮಧ್ಯಾಹ್ನದ ಮೇಲೆ ಆಪರೇಷನ್ನಂತೆ. ಎಂತ ಮಾರಾಯ, ಇಲ್ಲಿ ಎಲ್ರೂ ನನ್ನ ಆರನೇ ಬೆಡ್ ಅಂತಾರೆ. ಹೆದ್ರಿಕೆ ಆಗ್ತದೆ. ನೀ ಒಂದ್ಸಲ ಬಂದು ದೊಡ್ಡಮ್ಮಾ ಅಂತ ಕರೀತೀಯಾ?"

ತೀರ್ಥಹಳ್ಳಿಯ ಬಸ್ಸು ಹತ್ತಿದೆ. ನಾನು ಮುಟ್ಟುವ ಮೊದಲೇ ಒಳಗೆ ಕರೆದುಕೊಂಡುಬಿಟ್ಟರೆ ಎಂಬ ಭಯ ದಾರಿಯುದ್ದಕ್ಕೂ ಬಿಡಲಿಲ್ಲ. ಓಡಿಹೋಗಿ ವಾರ್ಡಿನ ಬಾಗಿಲಲ್ಲೇ ನಿಂತು ಕೂಗಿದೆ: "ದೊಡ್ಡಮ್ಮಾ!"

"ಓ" ಎಂದವು ಮೂರು ಮಂಚಗಳು.

ಏನು ಮಾಡುವುದು, ಮೂವರನ್ನೂ ಮಾತಾಡಿಸಿದೆ. ನನ್ನ ದೊಡ್ಡಮ್ಮ ಆರನೇ ಮಂಚದಲ್ಲಿ ಎದ್ದು ಕೂತು, ತನ್ನನ್ನು ಮಾತಾಡಿಸುವ ಸರದಿ ಬರುವವರೆಗೆ ನಗುತ್ತಾ ಕಾದಳು.