ಅಕ್ಕ ಮೇಲಿನ ಡೆಕ್ಕಿಗೆ ಹೋದ ಬಗೆ

ನಮ್ಮ ಅಕ್ಕ ದರ್ಜಿ. ಬೀದಿಯ ಅರ್ಧ ಜನರ ಸೊಂಟದ ಅಳತೆ ಅವಳಿಗೆ ಬಾಯಿಪಾಠ. ಯಾರು ದಪ್ಪಗಾದರು, ಯಾರು ಇಳಿದುಹೋದರು ಎಂಬುದು ಅವರ ಮನೆಯವರಿಗಿಂತ ಮೊದಲು ಅವಳಿಗೆ ತಿಳಿಯುತ್ತದೆ. ನಾನು ವೆಲ್ಡಿಂಗ್ ಕೆಲಸದವನು. ಓದಿದ್ದು ಐದನೇ ಕ್ಲಾಸು, ಕೋಪ ಮೂಗಿನ ತುದಿಯಲ್ಲಿ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಬೈದು ಬೆಳೆಸಿದವಳು ಅವಳೇ.

ಸೊಂಟದ ಆಪರೇಷನ್ ಆದಮೇಲೆ ಅವಳ ಕಾಲುಗಳು ಮಾತು ಕೇಳುವುದನ್ನು ಬಿಟ್ಟವು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಅದೇ ಹೆಚ್ಚು. ತುಳಿಯುವ ಮೆಷಿನ್ ಮಾರಿ ಮೋಟಾರಿನದು ತಂದಳು. ಅದರ ಪೆಡಲನ್ನು ಮೇಜಿನ ಮೇಲಿಟ್ಟು ಮೊಣಕೈಯಿಂದ ಒತ್ತಿ ಹೊಲಿಯಲು ಶುರುಮಾಡಿದಳು. ಮೊದಮೊದಲು ಹೊಲಿಗೆ ಹಾವಿನ ಹಾಗೆ ಹರಿದಾಡುತ್ತಿತ್ತು. ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು. ಗಿರಾಕಿಯೊಬ್ಬರು "ಅಯ್ಯೋ ಪಾಪ" ಎಂದರು. "ಪಾಪ ಅನ್ನೋದಾದ್ರೆ ಬಟ್ಟೆ ತಗೊಂಡು ಬೇರೆ ಕಡೆ ಹೋಗಿ" ಎಂದಳು. ಅವರು ಹೋಗಲಿಲ್ಲ. ಅಷ್ಟು ಚೆನ್ನಾಗಿ ಹೊಲಿಯುವವರು ನಮ್ಮ ಬೀದಿಯಲ್ಲಿ ಬೇರೆ ಯಾರಿದ್ದಾರೆ?

ಅಂಥವಳು ಒಂದು ದಿನ ನನ್ನ ಶೆಡ್ಡಿಗೆ ಫೋನ್ ಮಾಡಿದಳು. "ಹಡಗಿನ ಟಿಕೆಟ್ ಆಯ್ತು. ಸಮುದ್ರ ಸುತ್ತಿಸ್ಕೊಂಡು ವಾಪಸ್ ಬಿಡ್ತಾರಂತೆ. ನೀನೂ ಬರ್ತಿದ್ದೀಯ."

"ನನ್ನನ್ನ ಒಂದು ಮಾತು ಕೇಳಬಾರದಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ನನ್ನ ಸಿಟ್ಟು ಗೊತ್ತಲ್ಲ. ನನ್ನ ಹೆಂಡತೀನ ಕರ್ಕೊಂಡು ಹೋಗು."

"ಪಾಪ, ಅವಳು ಒಂದು ವಾರ ನೆಮ್ಮದಿಯಾಗಿರಲಿ ಬಿಡು. ಅಲ್ಲಾದ್ರೆ ಸುತ್ತಾ ನೀರು, ಸಿಟ್ಟು ಮಾಡ್ಕೊಂಡು ಎದ್ದು ಹೋಗೋಕೆ ನಿನಗೂ ಜಾಗ ಇರಲ್ಲ."

ಏನಿದು ಹುಚ್ಚು ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು: "ಇಷ್ಟು ವರ್ಷ ನನ್ನ ಕಣ್ಣು ಸೂಜಿ ದಾಟಿ ಆಚೆ ಹೋಗಿಲ್ಲ ಕಣೋ. ಹಡಗಿನ ತುತ್ತತುದಿಗೆ ಹೋಗಿ ಕೂರಬೇಕು. ಎತ್ತ ತಿರುಗಿದ್ರೂ ಅಡ್ಡ ಏನೂ ಇರಬಾರದು. ಅದೊಂದು ನೋಡಬೇಕು ನಾನು."

ಅವಳಿಗೆಂದು ನಾನೇ ಒಂದು ಗಾಲಿಕುರ್ಚಿ ಮಾಡಿದೆ. ಗಟ್ಟಿ ಪೈಪು, ಅಗಲ ಸೀಟು, ಆನೆ ಕೂತರೂ ಜಗ್ಗದಂಥದ್ದು. ಬಾಗಿಲಲ್ಲಿ ಹೋಗುತ್ತದೋ ಇಲ್ಲವೋ ಎಂದು ಅಳತೆಯನ್ನೂ ಹಿಡಿದೆ. ಹಿಡಿದದ್ದು ಮಾತ್ರ ನನ್ನ ಶೆಡ್ಡಿನ ಬಾಗಿಲಿಗೆ. ಟೆಂಪೋ ಒಳಗೆ ಬರುವ ಬಾಗಿಲು ಅದು. ಹಡಗಿನ ಕ್ಯಾಬಿನ್ನಿನ ಬಾಗಿಲಲ್ಲಿ ಕುರ್ಚಿ ಸಿಕ್ಕಿಕೊಂಡು ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ನಾನು ಬಾಗಿಲನ್ನೇ ಒದ್ದೆ. ಹಡಗಿನವರು ಓಡಿಬಂದು ಬಿಡಿಸಿ, ಮಡಚುವ ಕುರ್ಚಿಯೊಂದನ್ನು ಕೊಟ್ಟರು. ಅಕ್ಕ ಅದರಲ್ಲಿ ಕೂತು ಅತ್ತಿತ್ತ ಓಡಿಸಿ ನೋಡಿದಳು.

"ಇದು ಕುರ್ಚಿ. ನೀನು ಮಾಡಿದ್ದು ಕಾಂಪೌಂಡ್ ಗೇಟು."

ಮೂರನೇ ದಿನ ಬೆಳಿಗ್ಗೆ ದಡ ಪೂರ್ತಿ ಕಣ್ಮರೆಯಾಯಿತು. ಇಂಥ ದಿನ ಇದೊಂದೇ, ನಾಳೆಯಿಂದ ಮತ್ತೆ ದಡದ ಪಕ್ಕದಲ್ಲೇ ಪ್ರಯಾಣ ಎಂದರು ಹಡಗಿನವರು. ಅಕ್ಕ ಬೇಗನೆ ತಯಾರಾಗಿ ಕೂತಿದ್ದಳು. ಲಿಫ್ಟಿನಲ್ಲಿ ಹೋದೆವು. ಅದು ತುತ್ತತುದಿಗಿಂತ ಒಂದು ಅಂತಸ್ತು ಕೆಳಗೇ ನಿಂತುಬಿಟ್ಟಿತು. ಅಲ್ಲಿಂದಾಚೆ ಕಬ್ಬಿಣದ ಮೆಟ್ಟಿಲು. ಮೆಟ್ಟಿಲ ಬುಡದಲ್ಲಿ ಬಿಳಿ ಅಂಗಿಯ ಕಾವಲಿನವನು.

"ಮೇಲೆ ಕುರ್ಚಿಯವರನ್ನ ಬಿಡಲ್ಲ, ಸರ್."

"ಹೊತ್ಕೊಂಡು ಹೋಗ್ತೀನಿ."

"ಹೊತ್ತುಕೊಂಡೂ ಹತ್ತೋ ಹಾಗಿಲ್ಲ. ಹಡಗು ವಾಲಿದ್ರೆ ಇಬ್ಬರೂ ಬೀಳ್ತೀರಿ."

ನನ್ನ ತಲೆಗೆ ರಕ್ತ ಏರಿತು. ಟಿಕೆಟ್ ಕೊಡುವಾಗ ಬಾಯಿ ಎಲ್ಲಿ ಹೋಗಿತ್ತು ಎಂದು ಕೂಗಿದೆ. ಈಜುಕೊಳದ ಹತ್ತಿರ ಮಲಗಿದ್ದವರೆಲ್ಲ ತಲೆ ಎತ್ತಿ ನೋಡಿದರು. ಅವನು ಸೊಂಟದಲ್ಲಿದ್ದ ವಾಕಿಟಾಕಿಗೆ ಕೈಹಾಕಿದ.

"ಹೀಗೆ ಕೂಗಾಡಿದ್ರೆ ನಿಮ್ಮಿಬ್ಬರನ್ನೂ ಕ್ಯಾಬಿನ್ನಿಗೆ ಕಳಿಸಬೇಕಾಗುತ್ತೆ. ಆಮೇಲೆ ಇವತ್ತೆಲ್ಲ ಹೊರಗೆ ಬರೋ ಹಾಗಿಲ್ಲ."

"ಬಾಯಿ ಮುಚ್ಚೋ" ಎಂದಳು ಅಕ್ಕ ನನಗೆ. ಆಮೇಲೆ ಅವನ ಕಡೆ ತಿರುಗಿದಳು. "ಏನಪ್ಪಾ, ಮೆಟ್ಟಿಲನ್ನ ಕೂತುಕೊಂಡು ಹತ್ತಬಾರದು ಅಂತ ಏನಾದ್ರೂ ಇದೆಯಾ?"

"ಕೂತುಕೊಂಡಾ?"

"ನಮ್ಮ ಮನೆ ಇರೋದು ಹೊಲಿಗೆ ಅಂಗಡಿ ಮೇಲೇನೇ. ದಿನಾ ಹಾಗೇ ಹತ್ತೋದು ನಾನು. ಇವನು ಹೊರಲ್ಲ, ನೀನೂ ಹೊರಬೇಡ."

ಅವನು ಮೆಟ್ಟಿಲನ್ನೂ ಅವಳನ್ನೂ ನೋಡಿದ. "ಹಾಗಂತ ಎಲ್ಲೂ ಹೇಳಿಲ್ಲಮ್ಮ. ಆದ್ರೆ ನಾನು ಪಕ್ಕದಲ್ಲೇ ಬರ್ತೀನಿ, ನಿಲ್ಲಿ ಅಂದ್ರೆ ನಿಲ್ಲಬೇಕು."

"ಆಗಲಿ. ಮೈಗೆ ಕೈ ಹಾಕಬೇಡ, ಅಷ್ಟೇ."

ಕುರ್ಚಿಯಿಂದ ಜಾರಿ ಮೆಟ್ಟಿಲ ಮೇಲೆ ಕೂತಳು. ಆಗ ನೋಡಿದೆ, ಪ್ಯಾಂಟಿನ ಹಿಂದೆ ಕೂರುವ ಜಾಗಕ್ಕೆ ಎರಡು ಪದರ ಕ್ಯಾನ್ವಾಸ್ ಹಾಕಿ ಹೊಲಿದುಕೊಂಡಿದ್ದಳು. ಮನೆಯಿಂದ ಹೊರಡುವ ಮೊದಲೇ ಇದನ್ನೆಲ್ಲ ಯೋಚಿಸಿಟ್ಟುಕೊಂಡವಳು ಅವಳು. ನಾನೋ, ಬಾಗಿಲ ಅಳತೆಯನ್ನೂ ಕೇಳದೆ ಬಂದವನು.

"ನೀನು ಅತ್ತ ತಿರುಗಿ ನಿಂತ್ಕೋ" ಎಂದಳು ನನಗೆ. "ಯಾರನ್ನೂ ಹತ್ತೋಕೆ ಬಿಡಬೇಡ. ನೀನೂ ನೋಡಬೇಡ. ನಿನ್ನ ಮುಖ ನೋಡಿದ್ರೆ ನನ್ನ ಕೈ ಜಾರುತ್ತೆ."

ಮೆಟ್ಟಿಲಿಗೆ ಬೆನ್ನು ಹಾಕಿ ನಿಂತೆ. ಹಿಂದೆ ಬಟ್ಟೆ ಸರಿದ ಸದ್ದು, ಕೈ ಊರಿದ ಸದ್ದು, ಭಾರವಾದ ಒಂದು ಉಸಿರು. ಸ್ವಲ್ಪ ಬಿಡುವು. ಮತ್ತೆ ಅದೇ. ಒಮ್ಮೆ ಹಡಗು ಮೆಲ್ಲನೆ ವಾಲಿತು, ಕೈಕಂಬಿ ಕಿರುಗುಟ್ಟಿತು, ಕಾವಲಿನವನು "ನಿಲ್ಲಿ" ಎಂದ. ಆಮೇಲೆ ಏನೂ ಕೇಳಿಸಲಿಲ್ಲ. ನನ್ನ ಕುತ್ತಿಗೆ ತಾನಾಗಿ ತಿರುಗತೊಡಗಿತು.

"ತಿರುಗಿದ್ಯೋ, ಇಲ್ಲಿಂದಲೇ ಒದೀತೀನಿ" ಎಂದಿತು ಅಕ್ಕನ ದನಿ.

ಗೋಡೆ ಹಿಡಿಯದೆ ನಿಲ್ಲಲಾರದವಳು ಒದೆಯುತ್ತಾಳಂತೆ. ನಗು ಬಂತು, ನಗಲಿಲ್ಲ.

ಕೈಯಲ್ಲಿ ಗ್ಲಾಸು ಹಿಡಿದ ಬೊಜ್ಜಿನ ಮನುಷ್ಯನೊಬ್ಬ ಬಂದು ದಾರಿ ಬಿಡಿ ಎಂದ. ಅಕ್ಕ ಹತ್ತುತ್ತಿದ್ದಾಳೆ ಎಂದೆ. ಅವನು ನನ್ನ ಭುಜದ ಮೇಲಿಂದ ಇಣುಕಿ ನೋಡಿ, "ಇನ್ನೂ ಎಷ್ಟು ಹೊತ್ತು?" ಎಂದ. ಬೇರೆ ದಿನವಾಗಿದ್ದರೆ ಗ್ಲಾಸು ಸಮುದ್ರಕ್ಕೆ ಹೋಗುತ್ತಿತ್ತು. "ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು. ಅಲ್ಲಿವರೆಗೆ ಇಲ್ಲೇ ಕೂತು ಕುಡೀರಿ" ಎಂದೆ, ದನಿ ಏರಿಸದೆ. ಅವನು ಕೂತ.

ಬಹಳ ಹೊತ್ತಿನ ಮೇಲೆ ಮೇಲಿಂದ ಕೂಗು ಬಂತು. "ಕುರ್ಚಿ ತಗೊಂಡು ಬಾರೋ."

ಕುರ್ಚಿ ಮಡಚಿಕೊಂಡು ಓಡಿದೆ. ಅವಳು ಡೆಕ್ಕಿನ ಹಲಗೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಅಂಗೈ ಕೆಂಪಾಗಿತ್ತು, ಕೂದಲು ಗಾಳಿಗೆ ಕೆದರಿ ಮುಖದ ತುಂಬ ಹರಡಿತ್ತು. ಕುರ್ಚಿ ಅಲುಗದ ಹಾಗೆ ಹಿಡಿದುಕೊಂಡೆ, ಅವಳೇ ಏರಿ ಕೂತಳು. ಕಾವಲಿನವನು ಕುರ್ಚಿಯನ್ನೊಮ್ಮೆ ನೋಡಿ, ದೂರ ಸರಿದು ನಿಂತ.

ಅಕ್ಕ ಗಾಲಿಗೆ ಕೈ ಕೊಟ್ಟು ಇದ್ದಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿದಳು. ನೀರು, ಆಕಾಶ, ಬೇರೇನಿಲ್ಲ. ಇನ್ನೊಂದು ಸುತ್ತು ತಿರುಗಿದಳು. ನಾನು ಮೆಟ್ಟಿಲ ಕಡೆ ನೋಡಿ, ತಡೆಯಲಾಗದೆ ಕೇಳಿದೆ.

"ಇಳಿಯೋದು ಹೇಗೆ, ಅಕ್ಕ?"

"ಈಗ ತಾನೇ ಬಂದಿದ್ದೀನಿ. ನಿನಗೆ ಹಸಿವಾಗಿದ್ರೆ ಹೋಗಿ ತಿಂದ್ಕೊಂಡು ಬಾ" ಎಂದು ಅವಳು ಮುಖವನ್ನು ಮತ್ತೆ ಗಾಳಿಯ ಕಡೆಗೆ ತಿರುಗಿಸಿದಳು.