ಕೆಂಪು ಬಿದ್ದ ದಿನ

ಮಹಾರಾಷ್ಟ್ರದ ವಾಳೂಜ್‌ನ ನಮ್ಮ ಆಫೀಸಿನಲ್ಲಿ ಕಾರ್ಖಾನೆಯ ತಗಡು ಒತ್ತುವ ಪ್ರೆಸ್ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಅದನ್ನು ಪರೀಕ್ಷಿಸುವವರು ವಿಜಯಪುರದ ಕಡೆಯ ಒಬ್ಬ ಅಕ್ಕ. ಬಾಯಿ ತೆರೆಯುವ ಮೊದಲು ಕನ್ನಡಕ ತೆಗೆದು ದುಪಟ್ಟಾದ ತುದಿಯಿಂದ ಒರೆಸುವರು. ಯಾರಾದರೂ "ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿದೆ" ಎಂದರೆ, "ನಿಮ್ಮ ಮನ್ಯಾಗಿನ ಮಾತು ಬ್ಯಾಡ್ರಿ, ಊರಾಗ ನಡೀತೈತೇನು ನೋಡೂಣು" ಎನ್ನುವರು.

ಎಂಟು ಜನ ಒಂದೇ ಕಡೆ ಕೋಡ್ ಸೇರಿಸುತ್ತಿದ್ದೆವು. ಒಬ್ಬರು ಸೇರಿಸಿದ್ದು ಇನ್ನೊಬ್ಬರದನ್ನು ಕೆಡಿಸುತ್ತಿತ್ತು. ಅಕ್ಕ ವಾರಗಟ್ಟಲೆ ಕೂತು ಕೋಡ್ ತಪಾಸಣೆಯ ಒಂದು ಪೈಪ್‌ಲೈನ್ ವ್ಯವಸ್ಥೆ ಕಟ್ಟಿದರು. ಅಂದಿನಿಂದ ಯಾರು ಏನು ಸೇರಿಸಿದರೂ ಪರೀಕ್ಷೆಗಳು ತಾವಾಗಿಯೇ ಓಡುತ್ತಿದ್ದವು. ತಪ್ಪಿದ್ದರೆ ಪರದೆಯ ಮೇಲೆ ಕೆಂಪು ಬೀಳುತ್ತಿತ್ತು, ಕೋಡ್ ಅಲ್ಲೇ ನಿಲ್ಲುತ್ತಿತ್ತು.

ಗಿರಾಕಿಗೆ ಕೆಲಸ ಒಪ್ಪಿಸುವ ದಿನವೇ ಕೆಂಪು ಬಿತ್ತು. ಮ್ಯಾನೇಜರ್ ಓಡಿಬಂದು, "ಮ್ಯಾಡಮ್, ಗಿರಾಕಿಗಳು ಬಂದು ಕೂತಿದ್ದಾರೆ. ಇವತ್ತೊಂದು ದಿನ ಈ ಪರೀಕ್ಷೆ ಬಂದ್ ಮಾಡಿ" ಎಂದು ಮರಾಠಿಯಲ್ಲಿ ಗೋಗರೆದರು.

ಅಕ್ಕ ಕನ್ನಡಕ ಒರೆಸಿ, "ನಾಹಿ ಸಾಹೇಬ್" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಯಾವ ಪರೀಕ್ಷೆ ಬಿದ್ದೈತಿ, ಜೋರಾಗಿ ಓದ್ರಿ" ಎಂದರು.

ನಾನು ಜೋರಾಗಿ ಓದಿದೆ. ಯಂತ್ರದ ರಕ್ಷಣೆಯ ಬಾಗಿಲು ತೆರೆದ ಕೂಡಲೇ ಪ್ರೆಸ್ ನಿಲ್ಲಬೇಕು. ಬೆಳಿಗ್ಗೆ ನಾನು ಬದಲಿಸಿದ ಒಂದು ಸಾಲಿನಿಂದ ಅದು ನಿಲ್ಲದೆ ಬಡಿಯುತ್ತಲೇ ಇರುತ್ತಿತ್ತು. ಒಳಗೆ ಕೈ ಹಾಕಿದ ಕಾರ್ಮಿಕನ ಗತಿ?

ಮ್ಯಾನೇಜರ್ ಕುರ್ಚಿ ಎಳೆದು ಕೂತರು. ನಾನು ಆ ಸಾಲನ್ನು ತಿದ್ದಿ ಮತ್ತೆ ಕಳಿಸಿದೆ. ಎಲ್ಲರೂ ನೋಡುತ್ತಿದ್ದಂತೆ ಒಂದೊಂದೇ ಪರೀಕ್ಷೆ ಹಸಿರಾಯಿತು. ಕೊನೆಯದೂ ಹಸಿರಾದಾಗ ಮೊದಲು ಚಪ್ಪಾಳೆ ತಟ್ಟಿದವರು ಮ್ಯಾನೇಜರೇ. ಅವರು ಗಿರಾಕಿಗಳನ್ನು ನೇರವಾಗಿ ಅಕ್ಕನ ಮೇಜಿನ ಹತ್ತಿರ ಕರೆತಂದು, ಎದೆಯುಬ್ಬಿಸಿ ಹೇಳಿದರು: "ಇವರನ್ನು ದಾಟದೆ ನಮ್ಮಿಂದ ಏನೂ ಹೊರಗೆ ಹೋಗುವುದಿಲ್ಲ."